ವಕ್ರದಂತ ಚಿಕಿತ್ಸಾ ಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ (ಎಂ.ಡಿ.ಎಸ್.): ಅಭ್ಯರ್ಥಿಗಳಿಗೆ ಮತ್ತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಲ್ಲು ಹಾಗೂ ದವಡೆಗಳ ಸ್ಥಾನದೋಷಗಳನ್ನು ಗುರುತಿಸುವ, ತಡೆಗಟ್ಟುವ ಮತ್ತು ಸರಿಪಡಿಸುವ ದಂತವೈದ್ಯಕೀಯ ಶಾಖೆಗೆ ವಕ್ರದಂತ ಚಿಕಿತ್ಸಾ ಶಾಸ್ತ್ರ ಅಥವಾ ಆರ್ಥೊಡಾಂಟಿಕ್ಸ್ ಎಂದು ಹೆಸರು. ಜನಸಾಮಾನ್ಯರು ಇದನ್ನು ಹಲ್ಲಿಗೆ ಕ್ಲಿಪ್ ಅಥವಾ ತಂತಿ ಹಾಕುವ ಚಿಕಿತ್ಸೆ ಎಂದು ಬಲ್ಲರು. ಉಬ್ಬು ಹಲ್ಲು, ಒತ್ತೊತ್ತಾಗಿ ಬೆಳೆದ ಹಲ್ಲು, ಮುಂಚಾಚಿದ ಅಥವಾ ಹಿಂದೆ ಸರಿದ ದವಡೆ ಇವು ಈ ಶಾಖೆಯ ವ್ಯಾಪ್ತಿಗೆ ಬರುತ್ತವೆ. ಸೀಳು ತುಟಿ ಮತ್ತು ಸೀಳು ಅಂಗುಳಿನ ಮಕ್ಕಳ ಚಿಕಿತ್ಸಾ ತಂಡದಲ್ಲಿಯೂ ಈ ತಜ್ಞರಿಗೆ ಸ್ಥಾನವಿದೆ.

ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ ಅವರು 1899ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ಇಂದಿಗೂ ವಿದ್ಯಾರ್ಥಿಗಳು ಮೊದಲ ಪಾಠವಾಗಿ ಕಲಿಯುತ್ತಾರೆ. 1900ರಲ್ಲಿ ಅವರು ಸೇಂಟ್ ಲೂಯಿಸ್ ನಗರದಲ್ಲಿ ಈ ವಿಷಯಕ್ಕೇ ಮೀಸಲಾದ ಶಾಲೆಯನ್ನು ಆರಂಭಿಸಿದರು. ಭಾರತದಲ್ಲಿ ಈ ಶಾಖೆಯ ತಜ್ಞರ ಸಂಘವಾದ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ 1965ರಲ್ಲಿ ಸ್ಥಾಪನೆಯಾಯಿತು.

ಬಿ.ಡಿ.ಎಸ್. ಪದವೀಧರರು ಈ ಶಾಖೆಯಲ್ಲಿ ತಜ್ಞರಾಗಲು ಪಡೆಯಬೇಕಾದ ತರಬೇತಿ, ಪ್ರವೇಶದ ವಿಧಾನ ಮತ್ತು ನಂತರದ ನೋಂದಣಿಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ತರಬೇತಿಯ ಅವಧಿ ಮತ್ತು ಅದರ ಕಾರಣ

ಭಾರತೀಯ ದಂತ ಪರಿಷತ್ತು 2017ರಲ್ಲಿ ಹೊರಡಿಸಿದ ಎಂ.ಡಿ.ಎಸ್. ಕೋರ್ಸ್ ವಿನಿಯಮಗಳ ಪ್ರಕಾರ ಈ ವ್ಯಾಸಂಗದ ಅವಧಿ 3 ವರ್ಷಗಳು. ಇದು ಪೂರ್ಣಾವಧಿ ವ್ಯಾಸಂಗವಾಗಿದ್ದು, ಅಂಚೆ ಶಿಕ್ಷಣದ ಮೂಲಕವಾಗಲಿ, ಸಂಜೆ ತರಗತಿಗಳ ಮೂಲಕವಾಗಲಿ ಪಡೆಯಲು ಅವಕಾಶವಿರುವುದಿಲ್ಲ.

ಈ ಅವಧಿಗೆ ಚಿಕಿತ್ಸೆಯ ಸ್ವರೂಪವೇ ಮುಖ್ಯ ಕಾರಣ. ಮಿತವಾದ ಬಲ ಪ್ರಯೋಗಿಸಿದಾಗ ಹಲ್ಲಿನ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಸರಿಯುತ್ತದೆ. ಅವಸರದಿಂದ ಹೆಚ್ಚು ಬಲ ಹಾಕಿದಲ್ಲಿ ಹಲ್ಲಿನ ಬೇರು ಸವೆಯುವ ಸಂಭವವಿದೆ. ಆದ್ದರಿಂದ ಪೂರ್ಣ ಪ್ರಮಾಣದ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ತಾನೇ ಆರಂಭಿಸಿದ ಚಿಕಿತ್ಸೆಯನ್ನು ಕೊನೆಯವರೆಗೆ ನಡೆಸಿ, ತನ್ನ ತಪ್ಪು ಒಪ್ಪುಗಳನ್ನು ತಾನೇ ಕಂಡುಕೊಂಡ ವಿದ್ಯಾರ್ಥಿ ಮಾತ್ರ ಸ್ವತಂತ್ರವಾಗಿ ಚಿಕಿತ್ಸೆ ನೀಡಲು ಸಮರ್ಥನಾಗುತ್ತಾನೆ.

3. ಅರ್ಹತೆ ಮತ್ತು ಪ್ರವೇಶ ಪರೀಕ್ಷೆ

ಅಭ್ಯರ್ಥಿಯು ಈ ಕೆಳಕಂಡ ಅರ್ಹತೆಗಳನ್ನು ಹೊಂದಿರತಕ್ಕದ್ದು:

(ಅ) ಮಾನ್ಯತೆ ಪಡೆದ ದಂತ ವೈದ್ಯಕೀಯ ಕಾಲೇಜಿನಿಂದ ಬಿ.ಡಿ.ಎಸ್. ಪದವಿ.
(ಆ) ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನಿಗದಿಪಡಿಸಿದ ದಿನಾಂಕದೊಳಗೆ ಪೂರ್ಣಗೊಳಿಸಿದ 12 ತಿಂಗಳ ಇಂಟರ್ನ್‌ಶಿಪ್.
(ಇ) ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ.
(ಈ) ನೀಟ್-ಎಂ.ಡಿ.ಎಸ್. ಪರೀಕ್ಷೆಯಲ್ಲಿ ಅರ್ಹತಾ ಪರ್ಸೆಂಟೈಲ್.

ದಂತವೈದ್ಯರ ಕಾಯ್ದೆ, 1948ಕ್ಕೆ 2016ರಲ್ಲಿ ತಂದ ತಿದ್ದುಪಡಿಯಿಂದ ದೇಶದಾದ್ಯಂತ ಏಕರೂಪದ ಪ್ರವೇಶ ಪರೀಕ್ಷೆ ಕಡ್ಡಾಯವಾಯಿತು. ನೀಟ್-ಎಂ.ಡಿ.ಎಸ್. ಪರೀಕ್ಷೆಯನ್ನು ರಾಷ್ಟ್ರೀಯ ವೈದ್ಯಕೀಯ ವಿಜ್ಞಾನಗಳ ಪರೀಕ್ಷಾ ಮಂಡಳಿಯು ಗಣಕಯಂತ್ರದ ಮೂಲಕ ಇಂಗ್ಲಿಷ್ ಮಾಧ್ಯಮದಲ್ಲಿ ನಡೆಸುತ್ತದೆ. 2025ರ ಪರೀಕ್ಷೆಯಲ್ಲಿ 3 ಗಂಟೆಗಳ ಅವಧಿಗೆ 240 ಬಹು ಆಯ್ಕೆಯ ಪ್ರಶ್ನೆಗಳಿದ್ದವು. ಸರಿಯುತ್ತರಕ್ಕೆ 4 ಅಂಕ; ತಪ್ಪುತ್ತರಕ್ಕೆ 1 ಅಂಕ ಕಡಿತ. ವಿನಿಯಮಗಳಂತೆ ಸಾಮಾನ್ಯ ವರ್ಗದವರಿಗೆ 50ನೇ ಪರ್ಸೆಂಟೈಲ್, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರೆ ಹಿಂದುಳಿದ ವರ್ಗದವರಿಗೆ 40ನೇ ಪರ್ಸೆಂಟೈಲ್ ಕನಿಷ್ಠ ಅರ್ಹತೆಯಾಗಿದೆ. ಅರ್ಹತೆ ಪಡೆದ ಮಾತ್ರಕ್ಕೆ ಬಯಸಿದ ವಿಷಯದಲ್ಲಿ ಸೀಟು ದೊರೆಯುತ್ತದೆ ಎಂದು ಭಾವಿಸತಕ್ಕದ್ದಲ್ಲ. ಎಂ.ಡಿ.ಎಸ್. ಪದವಿಯ 9 ವಿಷಯಗಳ ಪೈಕಿ ಇದು ಹೆಚ್ಚು ಬೇಡಿಕೆಯುಳ್ಳ ವಿಷಯಗಳಲ್ಲಿ ಒಂದು.

4. ಸೀಟು ಹಂಚಿಕೆ

(ಅ) ಸರ್ಕಾರಿ ಕಾಲೇಜುಗಳ ಶೇ. 50ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿದ್ದು, ಅವುಗಳ ಹಂಚಿಕೆಯನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ನಡೆಸುತ್ತದೆ.
(ಆ) ರಾಜ್ಯ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ.
(ಇ) ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳೂ ಕೇಂದ್ರದ ಸಮಿತಿಯ ಮೂಲಕವೇ ಹಂಚಿಕೆಯಾಗುತ್ತವೆ. ಕಾಲೇಜು ಕರ್ನಾಟಕದಲ್ಲಿಯೇ ಇದ್ದರೂ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದಲ್ಲಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿದರೆ ಸಾಲದು.

ಎರಡೂ ಕಡೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳುವುದು ಅಗತ್ಯ. ಆಯ್ಕೆ ನಮೂದಿನ ಸಮಯದಲ್ಲಿ ಕಾಲೇಜು ಮತ್ತು ವಿಷಯ ಎರಡನ್ನೂ ಪರಿಶೀಲಿಸಿ, ಆದ್ಯತೆಯ ಕ್ರಮದಲ್ಲಿಯೇ ನಮೂದಿಸತಕ್ಕದ್ದು. ಶುಲ್ಕವು ಕೋಟಾವಾರು ಬೇರೆ ಬೇರೆಯಾಗಿರುವುದರಿಂದ, ಆ ವರ್ಷದ ಶುಲ್ಕ ಪಟ್ಟಿಯನ್ನು ನೋಡದೆ ಆಯ್ಕೆ ನಮೂದಿಸಬಾರದು.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ನೀಟ್-ಎಂ.ಡಿ.ಎಸ್. ಪ್ರವೇಶ ಪತ್ರ ಮತ್ತು ಅಂಕಪಟ್ಟಿ
(ಆ) ಬಿ.ಡಿ.ಎಸ್. ಎಲ್ಲಾ ವರ್ಷಗಳ ಅಂಕಪಟ್ಟಿ ಹಾಗೂ ಪದವಿ ಪ್ರಮಾಣಪತ್ರ
(ಇ) ಇಂಟರ್ನ್‌ಶಿಪ್ ಪೂರ್ಣಗೊಳಿಸಿದ ಪ್ರಮಾಣಪತ್ರ
(ಈ) ದಂತ ಪರಿಷತ್ತಿನ ನೋಂದಣಿ ಪ್ರಮಾಣಪತ್ರ
(ಉ) ಜನ್ಮ ದಿನಾಂಕಕ್ಕೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ
(ಊ) ಮೀಸಲಾತಿ ಕೋರುವವರು ತಹಶೀಲ್ದಾರರು ನೀಡಿದ ಜಾತಿ ಹಾಗೂ ಅನ್ವಯಿಸುವಲ್ಲಿ ಆದಾಯ ಪ್ರಮಾಣಪತ್ರ
(ಋ) 371(ಜೆ) ಅನುಚ್ಛೇದದ ಸೌಲಭ್ಯ ಕೋರುವ ಕಲ್ಯಾಣ ಕರ್ನಾಟಕ ಪ್ರದೇಶದ ಅಭ್ಯರ್ಥಿಗಳು ಉಪವಿಭಾಗದ ಸಹಾಯಕ ಆಯುಕ್ತರು ನೀಡಿದ ಅರ್ಹತಾ ಪ್ರಮಾಣಪತ್ರ

ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ತಂದೆಯ ಹೆಸರಿನ ಅಕ್ಷರಗಳು ಒಂದೇ ರೀತಿ ಇರುವುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು. ಪರಿಶೀಲನೆಯ ದಿನ ಕಂಡುಬಂದ ವ್ಯತ್ಯಾಸವನ್ನು ಸರಿಪಡಿಸಲು ಸಮಯ ದೊರೆಯುವುದು ಕಷ್ಟ.

6. ತರಬೇತಿಯ ಸ್ವರೂಪ

ಆರಂಭದ ತಿಂಗಳುಗಳಲ್ಲಿ ವಿದ್ಯಾರ್ಥಿಯು ರೋಗಿಗಳಿಗೆ ಚಿಕಿತ್ಸೆ ನೀಡುವ ಮೊದಲು ಪ್ರಯೋಗಶಾಲೆಯಲ್ಲಿ ತಂತಿ ಬಗ್ಗಿಸುವುದು, ಬೆಸುಗೆ ಹಾಕುವುದು, ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಸರಿಸುವ ಟೈಪೊಡಾಂಟ್ ಅಭ್ಯಾಸ ಮತ್ತು ತಲೆಯ ಕ್ಷ-ಕಿರಣ ಚಿತ್ರಗಳ ಅಳತೆ ಇವುಗಳನ್ನು ಪೂರೈಸಬೇಕು.

ನಂತರ ಪ್ರತಿ ವಿದ್ಯಾರ್ಥಿಯು ತನ್ನದೇ ಆದ ಕನಿಷ್ಠ 50 ರೋಗಿಗಳ ಚಿಕಿತ್ಸೆಯನ್ನು ಆರಂಭಿಸಬೇಕು. ಇದಲ್ಲದೆ ವ್ಯಾಸಂಗ ಮುಗಿಸಿ ಹೊರಡುವ ಹಿರಿಯ ವಿದ್ಯಾರ್ಥಿಗಳಿಂದ ವರ್ಗಾವಣೆಗೊಂಡ ಕನಿಷ್ಠ 20 ರೋಗಿಗಳ ಚಿಕಿತ್ಸೆಯನ್ನು ಮುಂದುವರಿಸಬೇಕು ಎಂದು ಪಠ್ಯಕ್ರಮದಲ್ಲಿ ಸೂಚಿಸಲಾಗಿದೆ. ತೆಗೆದು ಹಾಕಬಹುದಾದ ಸಾಧನಗಳು, ಬೆಳೆಯುವ ವಯಸ್ಸಿನ ಮಕ್ಕಳ ದವಡೆಯ ಬೆಳವಣಿಗೆಯನ್ನು ತಿದ್ದುವ ಸಾಧನಗಳು, ಸ್ಥಿರ ತಂತಿಗಳು ಹಾಗೂ ಶಸ್ತ್ರಚಿಕಿತ್ಸೆಯೊಡನೆ ಕೂಡಿದ ಚಿಕಿತ್ಸೆ ಇವೆಲ್ಲವೂ ತರಬೇತಿಯಲ್ಲಿ ಸೇರಿವೆ. ಸಂಶೋಧನಾ ಪ್ರಬಂಧ ಕಡ್ಡಾಯವಾಗಿದ್ದು, ಅದರ ಸಾರಲೇಖವನ್ನು ಮೊದಲ 6 ತಿಂಗಳೊಳಗೆ ಸಲ್ಲಿಸತಕ್ಕದ್ದು.

7. ಪರೀಕ್ಷೆ

ಮೊದಲ ವರ್ಷದ ಅಂತ್ಯದಲ್ಲಿ ಭಾಗ 1 ನಡೆಯುತ್ತದೆ. ಇದರಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ದಂತ ಸಾಮಗ್ರಿಗಳು, ತಳಿಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ ಮೊದಲಾದ ಮೂಲ ವಿಷಯಗಳ 100 ಅಂಕಗಳ ಒಂದು ಪತ್ರಿಕೆ ಇರುತ್ತದೆ. ಮೂರನೇ ವರ್ಷದ ಅಂತ್ಯದ ಭಾಗ 2ರಲ್ಲಿ 3 ಲಿಖಿತ ಪತ್ರಿಕೆಗಳು, ಪ್ರಾಯೋಗಿಕ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ ಇರುತ್ತವೆ. ಲಿಖಿತ ವಿಭಾಗದಲ್ಲಿ ಶೇ. 50, ಪ್ರಾಯೋಗಿಕ ಮತ್ತು ಮೌಖಿಕ ವಿಭಾಗದಲ್ಲಿ ಪ್ರತ್ಯೇಕವಾಗಿ ಶೇ. 50 ಅಂಕ ಪಡೆದವರು ಉತ್ತೀರ್ಣರಾಗುತ್ತಾರೆ. ತಾನು ಚಿಕಿತ್ಸೆ ನೀಡಿದ ರೋಗಿಗಳ ದಾಖಲೆಗಳನ್ನು ಪರೀಕ್ಷಕರ ಮುಂದೆ ಮಂಡಿಸಿ ವಿವರಿಸುವುದು ಪ್ರಾಯೋಗಿಕ ಪರೀಕ್ಷೆಯ ಮುಖ್ಯ ಭಾಗ.

8. ಹೆಚ್ಚುವರಿ ಅರ್ಹತೆಯ ನೋಂದಣಿ

ಪದವಿ ಪಡೆದ ಕೂಡಲೇ ಕೆಲಸ ಮುಗಿದಂತೆ ಆಗುವುದಿಲ್ಲ. ಎಂ.ಡಿ.ಎಸ್. ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಸೇರಿಸಿಕೊಳ್ಳಲು ಅರ್ಜಿ ಸಲ್ಲಿಸತಕ್ಕದ್ದು. ಆ ಬಳಿಕವೇ ನಾಮಫಲಕ ಮತ್ತು ಔಷಧ ಚೀಟಿಯಲ್ಲಿ ಆ ಅರ್ಹತೆಯನ್ನು ನಮೂದಿಸುವುದು ಕ್ರಮಬದ್ಧ.

ದಂತ ಶಿಕ್ಷಣದ ನಿಯಂತ್ರಣಕ್ಕಾಗಿ ಹೊಸ ಆಯೋಗವನ್ನು ರಚಿಸಲು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಅರ್ಜಿದಾರರು ಅರ್ಜಿಯ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ನೋಡಿಕೊಳ್ಳತಕ್ಕದ್ದು.

9. ಅಲ್ಪಾವಧಿ ಕೋರ್ಸುಗಳ ಬಗ್ಗೆ ಎಚ್ಚರಿಕೆ

ವಾರಾಂತ್ಯದ ಅಥವಾ ಕೆಲವೇ ದಿನಗಳ ಪ್ರಮಾಣಪತ್ರ ಕೋರ್ಸುಗಳು ಎಂ.ಡಿ.ಎಸ್. ಪದವಿಗೆ ಸಮಾನವಲ್ಲ. ಅವುಗಳಿಂದ ವಿಷಯ ಪರಿಚಯ ಆಗಬಹುದು. ಆದರೆ ಎರಡು ವರ್ಷ ನಡೆಯುವ ಚಿಕಿತ್ಸೆಯನ್ನು ಎರಡು ದಿನದಲ್ಲಿ ಕಲಿಯಲು ಬರುವುದಿಲ್ಲ. ವಿಶೇಷ ಅರ್ಹತೆ ಇಲ್ಲದೆ ತಜ್ಞರೆಂದು ಹೇಳಿಕೊಳ್ಳುವುದು ದಂತವೈದ್ಯರ ವೃತ್ತಿ ನೀತಿಸಂಹಿತೆಗೆ ವಿರುದ್ಧವಾದುದು. ಹಣ ಕಟ್ಟುವ ಮೊದಲು ಆ ಕೋರ್ಸಿಗೆ ನಿಯಂತ್ರಣ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಅಭ್ಯರ್ಥಿಯ ಜವಾಬ್ದಾರಿ.

10. ಚಿಕಿತ್ಸೆ ಪಡೆಯುವ ಸಾರ್ವಜನಿಕರಿಗೆ

1958ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಸೇರಿದಂತೆ ಸ್ನಾತಕೋತ್ತರ ವಿಭಾಗವಿರುವ ಬೋಧನಾ ಆಸ್ಪತ್ರೆಗಳಲ್ಲಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುತ್ತಾರೆ. ಪೋಷಕರು ಈ ಕೆಳಕಂಡ ಅಂಶಗಳನ್ನು ಗಮನಿಸಬೇಕು:

(ಅ) ಮಗುವಿಗೆ 7 ವರ್ಷ ತುಂಬುವ ವೇಳೆಗೆ ಒಮ್ಮೆ ತಪಾಸಣೆ ಮಾಡಿಸುವುದು ಸೂಕ್ತ. ದವಡೆಯ ಕೆಲವು ದೋಷಗಳನ್ನು ಬೆಳವಣಿಗೆ ಮುಗಿಯುವ ಮೊದಲೇ ಸುಲಭವಾಗಿ ತಿದ್ದಬಹುದು.
(ಆ) ನಿಗದಿತ ದಿನಗಳಂದು ತಪ್ಪದೆ ಹಾಜರಾಗಬೇಕು. ತಪ್ಪಿದ ಭೇಟಿಯಿಂದ ಚಿಕಿತ್ಸೆ ತಡವಾಗುವುದಲ್ಲದೆ, ಮುರಿದ ಅಥವಾ ಸಡಿಲಗೊಂಡ ತಂತಿಯಿಂದ ಹಲ್ಲು ಬೇರೆ ದಿಕ್ಕಿಗೆ ಸರಿಯಬಹುದು.
(ಇ) ಚಿಕಿತ್ಸೆ ನೀಡುತ್ತಿರುವ ವಿದ್ಯಾರ್ಥಿಯ ವ್ಯಾಸಂಗ ಮುಗಿದಲ್ಲಿ ಗಾಬರಿಯಾಗುವ ಅಗತ್ಯವಿಲ್ಲ. ಚಿಕಿತ್ಸೆಯನ್ನು ಯಾರಿಗೆ ವಹಿಸಲಾಗಿದೆ ಎಂದು ವಿಭಾಗದಲ್ಲಿ ವಿಚಾರಿಸಿ, ಚಿಕಿತ್ಸಾ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.
(ಈ) ತಂತಿ ತೆಗೆದ ನಂತರ ಹಲ್ಲುಗಳು ಹಿಂದಿನ ಸ್ಥಾನಕ್ಕೆ ಮರಳದಂತೆ ತಡೆಯುವ ರಿಟೈನರ್ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸಬೇಕು.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರು ವೈದ್ಯರ ನೋಂದಣಿ ಸಂಖ್ಯೆ ಮತ್ತು ಅರ್ಹತೆಯನ್ನು ಕೇಳಿ ತಿಳಿದುಕೊಳ್ಳಬಹುದು. ಇದು ರೋಗಿಯ ಹಕ್ಕು, ಕೇಳಲು ಸಂಕೋಚಪಡಬೇಕಾಗಿಲ್ಲ.