ಹೆರಿಗೆ ದಫ್ತರದಿಂದ ಹೊರಟ ಸಂಶೋಧನೆ: ಗರ್ಭಾವಸ್ಥೆಯ ಮಧುಮೇಹ ಮತ್ತು ಯಾದಗಿರಿ ಸೀಮೆ

ಬಸುರಿಯಲ್ಲಿ ಏರಿದ ರಕ್ತದ ಸಕ್ಕರೆ ಹೆರಿಗೆಯಾದ ಮೇಲೆ ಬಹುತೇಕ ತಾನಾಗಿಯೇ ಇಳಿಯುತ್ತದೆ. ವೈದ್ಯರು ನಿರಾಳರಾಗುತ್ತಾರೆ, ಮನೆಯವರು ಮರೆಯುತ್ತಾರೆ. ಈ ಕಾಯಿಲೆಯ ದೂರದ ಪರಿಣಾಮಗಳು ತಿಳಿಯಲು ಇಷ್ಟು ಕಾಲ ಹಿಡಿದದ್ದಕ್ಕೆ ಈ ಮರೆವೇ ದೊಡ್ಡ ಕಾರಣ. 1964ರಲ್ಲಿ ಬಾಸ್ಟನ್ನಿನ ಜಾನ್ ಓಸಲಿವನ್ ಮತ್ತು ಕ್ಲೇರ್ ಮಾಹನ್ ಗರ್ಭಿಣಿಯರ ಗ್ಲೂಕೋಸ್ ಪರೀಕ್ಷೆಗೆ ಮಾನದಂಡ ಗೊತ್ತುಮಾಡಿದಾಗ, ಅವರ ಪ್ರಶ್ನೆ ಆ ಹೆರಿಗೆಗಷ್ಟೇ ಸಂಬಂಧಿಸಿರಲಿಲ್ಲ. ಈ ತಾಯಿಗೆ ಮುಂದೆ ಮಧುಮೇಹ ಬರುತ್ತದೆಯೇ ಎಂಬುದನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದರು. ಅಂದರೆ ಈ ರೋಗದ ವ್ಯಾಖ್ಯೆಯೊಳಗೇ ಭವಿಷ್ಯದ ಪ್ರಶ್ನೆ ಸೇರಿತ್ತು. ಚಿಕಿತ್ಸೆಯ ರೂಢಿ ಬೆಳೆಯುತ್ತ ಹೋದಂತೆ ಆ ಪ್ರಶ್ನೆ ಹಿಂದೆ ಸರಿಯಿತು.

ಕರ್ನಾಟಕದಲ್ಲಿ ಅದನ್ನು ಮತ್ತೆ ಮುಂದಕ್ಕೆ ತಂದದ್ದು ಮೈಸೂರು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡಲಾಗುತ್ತಿತ್ತು. ಬರೆದವರಿಗೆ ಅದು ದಿನದ ಕೆಲಸ. ಅರ್ಧ ಶತಮಾನದ ನಂತರ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್ ಅವರ ತಂಡಕ್ಕೆ ಆ ಪುಟಗಳು ನಿಧಿಯಾದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದವರನ್ನು ಹುಡುಕಿ ಪರೀಕ್ಷಿಸಲಾಯಿತು. ಹುಟ್ಟಿನ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರ ವರದಿ ಹೇಳಿತು. ಬಾರ್ಕರ್ ಬ್ರಿಟನ್ನಿನಲ್ಲಿ ಕಂಡದ್ದಕ್ಕೆ ಇದು ಹೊಂದಿಕೆಯಾಗಿತ್ತು. ಮಧುಮೇಹದ ಲೆಕ್ಕ ಮಾತ್ರ ಹೊಂದಲಿಲ್ಲ. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೈಸೂರಿನಲ್ಲಿ ಮಧುಮೇಹ ಹೆಚ್ಚು ಕಂಡದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಹಳೆಯ ದಫ್ತರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ಕಾಲದಲ್ಲಿ ಯಾರೂ ಅಳೆದಿರಲಿಲ್ಲ.

ಉತ್ತರಕ್ಕಾಗಿ ಹೊಸ ದಫ್ತರವನ್ನೇ ತೆರೆಯಬೇಕಾಯಿತು. 1997-98ರಲ್ಲಿ ಅದೇ ಆಸ್ಪತ್ರೆಯ 830 ಗರ್ಭಿಣಿಯರನ್ನು ಒಳಗೊಂಡು ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮೊದಲಾದವರು ಆ ತಾಯಿ-ಮಕ್ಕಳನ್ನು ದಶಕಗಳ ಕಾಲ ಬಿಡದೆ ಹಿಂಬಾಲಿಸಿದರು. ಕನ್ನಡನಾಡಿನ ವೈದ್ಯಕೀಯ ಸಂಶೋಧನೆಯಲ್ಲಿ ಇಷ್ಟು ತಾಳ್ಮೆಯ ಕೆಲಸಗಳು ಬಲು ವಿರಳ. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಮಧುಮೇಹ ಕಂಡಿತು. ಐದು ವರ್ಷ ಕಳೆದು ಮತ್ತೆ ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ಶೇ. 37ರಷ್ಟು ಮಂದಿ ಮಧುಮೇಹಿಗಳಾಗಿದ್ದರು. ಏರದಿದ್ದವರಲ್ಲಿ ಈ ಪ್ರಮಾಣ ಶೇ. 2. ಮೊದಲ ಗುಂಪು ಸಣ್ಣದು ಎಂಬುದನ್ನು ಮರೆಯಬಾರದು, ಆದರೂ ಈ ಅಂತರ ಕಡೆಗಣಿಸುವಂಥದ್ದಲ್ಲ.

ಸಕ್ಕರೆ ಏರಿದ್ದ ಆ ತಾಯಂದಿರ ಮಕ್ಕಳಲ್ಲಿ ಐದನೆಯ ವಯಸ್ಸಿಗೇ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆಯ ಹೊತ್ತಿಗೆ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವ ಲಕ್ಷಣವೂ ಸೇರಿಕೊಂಡಿತು. ಇದು ಬರೀ ವಂಶವಾಹಿಯ ಮಾತಲ್ಲವೆಂಬುದಕ್ಕೆ ಅಮೆರಿಕದ ಅರಿಜೋನಾದಿಂದ ಬಲವಾದ ಪುರಾವೆ ಇದೆ. ಅಲ್ಲಿಯ ಪೀಮಾ ಜನರಲ್ಲಿ ಒಡಹುಟ್ಟಿದವರನ್ನೇ ಹೋಲಿಸಿದ, 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಯಿಗೆ ಮಧುಮೇಹ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ, ಅದಕ್ಕೂ ಮೊದಲು ಹುಟ್ಟಿದ ಅಣ್ಣ-ಅಕ್ಕಂದಿರಿಗಿಂತ ಅಪಾಯ ಹೆಚ್ಚು. ಪರಿಣಾಮ ತಾಯಿ-ಮಗುವಿಗಷ್ಟೇ ನಿಲ್ಲುವುದೂ ಇಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 2015ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೆಂಡತಿಗೆ ಗರ್ಭಾವಸ್ಥೆಯ ಮಧುಮೇಹ ಬಂದಿದ್ದರೆ ಗಂಡನಿಗೂ ಮುಂದೆ ಮಧುಮೇಹ ಬರುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಗಂಡ-ಹೆಂಡತಿಗೆ ರಕ್ತಸಂಬಂಧವಿಲ್ಲ, ಆದರೆ ಉಣ್ಣುವ ಅಡುಗೆ ಒಂದೇ, ಬದುಕುವ ರೀತಿ ಒಂದೇ.

ಈಗ ಯಾದಗಿರಿಗೆ ಬರೋಣ. ಮೈಸೂರಿನ ದಾದಿಯರು ಶಿಶುಗಳ ತೂಕ ಬರೆಯತೊಡಗಿದ ಕಾಲಕ್ಕೆ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಆಡಳಿತದಲ್ಲಿದ್ದವು. ಇಲ್ಲಿಯ ಕೂಸುಗಳು ಮನೆಯಲ್ಲೇ ಸೂಲಗಿತ್ತಿಯ ಕೈಗೆ ಹುಟ್ಟುತ್ತಿದ್ದವು, ಅವುಗಳ ತೂಕ ಯಾವ ಪುಟಕ್ಕೂ ಏರಲಿಲ್ಲ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ಇನ್ನೂ ಈಚೆಗೆ. ಈ ನಡುವೆ ಊಟವೂ ಬದಲಾಯಿತು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಭತ್ತ ತಂದಿತು. ಪಡಿತರದ ಅಕ್ಕಿ ಜೋಳದ ರೊಟ್ಟಿಯ ಪಕ್ಕಕ್ಕೆ ಬಂದು ಕೂತಿತು. ರಕ್ತಹೀನತೆ ಮತ್ತು ಎಳೆಯ ವಯಸ್ಸಿನ ಮದುವೆ ಇನ್ನೂ ಹೋಗಿಲ್ಲದ ಜಿಲ್ಲೆ ಇದು. ಹೊಟ್ಟೆಗೆ ಸಾಲದೆ ಬೆಳೆದ ಹುಡುಗಿ, ಮುಂದೆ ಅಕ್ಕಿಯೇ ಹೆಚ್ಚಿರುವ ಊಟದ ಮೇಲೆ ಬಸುರಿಯಾದಾಗ ಏನಾಗುತ್ತದೆ ಎಂಬುದು ಈ ಸೀಮೆ ಸಂಶೋಧನೆಯ ಮುಂದಿಡುವ ಪ್ರಶ್ನೆ. ಮೈಸೂರಿನ ಗರ್ಭಿಣಿಯರಲ್ಲಿ ಶೇ. 43ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು, ಕೊರತೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಿತ್ತು. ಹಾಲು, ಮೊಟ್ಟೆ ತಟ್ಟೆಗೆ ವಿರಳವಾಗಿ ಬರುವ ಮನೆಗಳ ಮಟ್ಟಿಗೆ ಈ ಸುಳಿವನ್ನು ಬೆನ್ನಟ್ಟಲೇಬೇಕು.

ಪರೀಕ್ಷೆಯ ದಾರಿ ಸುಲಭವಾಗಿದೆ. ಚೆನ್ನೈನ ವಿ. ಶೇಷಯ್ಯ ಅವರು ಪ್ರತಿಪಾದಿಸಿದ ವಿಧಾನದಲ್ಲಿ ಉಪವಾಸ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡಿದಾಗ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವೆಂದು ಲೆಕ್ಕ. ಕೇಂದ್ರ ಸರ್ಕಾರದ ಮಾರ್ಗಸೂಚಿ ಇದನ್ನೇ ಒಪ್ಪಿದೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ, ರೋಗ ಕಂಡವರಿಗೆ ಹೆರಿಗೆಯಾದ ಆರು ವಾರಕ್ಕೆ ಇನ್ನೊಮ್ಮೆ ಎಂದು ಅದು ಹೇಳುತ್ತದೆ.

ದಾರ ಕಡಿಯುವುದು ಈ ಕೊನೆಯ ಪರೀಕ್ಷೆಯಲ್ಲಿ. ಗಂಡನ ಊರಿನಲ್ಲಿ ಮೊದಲ ಪರೀಕ್ಷೆಯಾದ ಹುಡುಗಿ ಕುಬಸ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಹೆರಿಗೆ, ಬಾಣಂತನ ಎರಡೂ ಅಲ್ಲೇ. ಆರನೆಯ ವಾರಕ್ಕೆ ಅವಳನ್ನು ಯಾವ ಊರಿನ ಆಶಾ ಕಾರ್ಯಕರ್ತೆ ಕರೆಯಬೇಕು? ಆಮೇಲೆ ಕೂಸು ಕಟ್ಟಿಕೊಂಡು ಗಂಡನೊಡನೆ ಬೆಂಗಳೂರಿಗೋ ಮುಂಬೈಗೋ ಗುಳೆ ಹೊರಟರೆ ಅವಳ ವಿಷಯ ಎರಡೂ ಊರಿನ ಪುಸ್ತಕದಿಂದ ಜಾರುತ್ತದೆ. ಪಾರ್ಥೆನಾನ್ ಅಧ್ಯಯನ ಮೈಸೂರು ಎಂಬ ಒಂದೇ ಊರಿನಲ್ಲಿ ನೆಲೆ ನಿಂತ ಕುಟುಂಬಗಳನ್ನು ನೆಚ್ಚಿಕೊಂಡಿತ್ತು. ಆ ಮಾದರಿಯನ್ನು ಹಾಗೆಯೇ ತಂದು ಯಾದಗಿರಿಯಲ್ಲಿ ನೆಟ್ಟರೆ ಅದು ಬೇರು ಬಿಡದು. ಇಲ್ಲಿ ದಾಖಲೆ ಊರಿಗೆ ಅಂಟಬಾರದು, ಹೆಣ್ಣುಮಗಳ ಜೊತೆ ನಡೆಯಬೇಕು. ಅವಳ ತಾಯಿ ಕಾರ್ಡಿನಲ್ಲಿ ಸಕ್ಕರೆಯ ಅಂಕಿ ಸ್ಪಷ್ಟವಾಗಿರಬೇಕು, ಮಗುವಿನ ಲಸಿಕೆಗೆ ಬಂದ ದಿನವೇ ಯಾವ ಊರಿನಲ್ಲಾದರೂ ಅವಳ ರಕ್ತವನ್ನೂ ನೋಡಬೇಕು.

ಯಾದಗಿರಿಯ ವೈದ್ಯಕೀಯ ಕಾಲೇಜಿನವರಲ್ಲಿ ನನ್ನ ವಿನಂತಿ ಇಷ್ಟೆ. ದೊಡ್ಡ ಅನುದಾನಕ್ಕಾಗಿ ಕಾಯದೆ, ಈ ವರ್ಷ ಸಕ್ಕರೆ ಏರಿದ ಪ್ರತಿ ಬಸುರಿಯ ಹೆಸರು, ತವರಿನ ಊರು, ಗಂಡನ ಊರು, ಕೂಸಿನ ತೂಕವನ್ನು ಗೌಪ್ಯತೆ ಕಾಯ್ದುಕೊಂಡು ಒಂದು ದಫ್ತರದಲ್ಲಿ ಬರೆಯಲು ಆರಂಭಿಸಿ.