ಕಾವೇರಿಯ ಬಿಳಿಮೀನು

ಮೀನು ಹಿಡಿಯುವುದು ಹೊಟ್ಟೆಪಾಡು. ಮೀನಿನೊಡನೆ ಸೆಣಸುವುದು ವಿನೋದ. ಈ ಭೇದವನ್ನು ಕನ್ನಡನಾಡು ಬಹು ಹಿಂದೆಯೇ ಅರಿತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಪೈಕಿ ಮತ್ಸ್ಯವಿನೋದಕ್ಕೂ ಒಂದು ಸ್ಥಾನವುಂಟು. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಕಲೆಯನ್ನು ಕುರಿತು ಬರೆದ ಹೆಸರಾಂತ ಗ್ರಂಥ ಪ್ರಕಟವಾದದ್ದು 1653ರಲ್ಲಿ. ನಮ್ಮ ದೊರೆಯ ಗ್ರಂಥ ಅದಕ್ಕಿಂತ ಐದು ಶತಮಾನ ಹಳೆಯದು. ಈ ಮಾತನ್ನು ನಾನು ಹೆಮ್ಮೆಗಾಗಿ ಹೇಳುತ್ತಿಲ್ಲ. ಸೋಮೇಶ್ವರನು ಗಾಳ ದಾರಗಳನ್ನಷ್ಟೇ ವರ್ಣಿಸಲಿಲ್ಲ. ಮೀನುಗಳ ಹೆಸರು, ಜಾತಿ, ಆಹಾರ ಇವುಗಳನ್ನೂ ಹೇಳಿದನು. ಆಡುವವನು ತಾನು ಯಾರೊಡನೆ ಆಡುತ್ತಿದ್ದೇನೆಂಬುದನ್ನು ತಿಳಿದಿರಬೇಕೆಂಬ ವಿವೇಕ ಅದರಲ್ಲಿದೆ. ಕಾವೇರಿಯ ಮಹಾಮೀನೊಂದರ ವಿಷಯದಲ್ಲಿ ಈ ವಿವೇಕ ಹೇಗೆ ಮರೆಯಾಯಿತೆಂಬುದೇ ನನ್ನ ಇಂದಿನ ಮಾತಿನ ವಿಷಯ.

ಮೊದಲು ಈ ಸೀಮೆಯ ನೀರಿನ ಬಗೆಯನ್ನು ನೋಡೋಣ. ಹೇಮಾವತಿಯು ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು, ಅಂಬಿಗರಹಳ್ಳಿಯ ಸಂಗಮದ ಬಳಿ ಕಾವೇರಿಯನ್ನು ಕೂಡುತ್ತಾಳೆ. ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿಯು ಪಾಂಡವಪುರದ ನೆಲವನ್ನು ತೋಯಿಸಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಸೇರುತ್ತಾಳೆ. ಈ ನೀರಿಗೆ ಅರಸರು ಕಟ್ಟೆಗಳನ್ನು ಕಟ್ಟಿಸಿದ್ದು ಇತ್ತೀಚಿನ ಸಂಗತಿಯಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಏರ್ಪಟ್ಟದ್ದೇ ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ. ಆದರೆ ಆ ಹಳೆಯ ಒಡ್ಡುಗಳು ತಗ್ಗಾದವು. ಮಳೆಗಾಲದ ಪ್ರವಾಹ ಅವುಗಳ ನೆತ್ತಿಯ ಮೇಲೆಯೇ ಹರಿಯುತ್ತಿತ್ತು. ನೀರು ಹರಿದಲ್ಲಿ ಮೀನಿಗೂ ದಾರಿಯಿತ್ತು.

ಆ ದಾರಿ ಅತ್ಯಗತ್ಯವಾಗಿದ್ದ ಮೀನೆಂದರೆ ಮಹಶೀರ್. ಕಾವೇರಿಯ ದಡದ ಜನ ಇದನ್ನು ಬಿಳಿಮೀನು ಎಂದು ಕರೆದರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇದು ಪ್ರವಾಹಕ್ಕೆ ಎದುರಾಗಿ ಈಜಿ, ಮೇಲಿನ ಹೊಳೆಗಳ ಜಲ್ಲಿಕಲ್ಲಿನ ನೆಲದಲ್ಲಿ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ ಆಳವಾದ ಮಡುಗಳಲ್ಲಿ ನೆಲೆಸುತ್ತದೆ. ಆದುದರಿಂದಲೇ ಗಾಳದ ವಿನೋದಕ್ಕೆ ಬೇಸಿಗೆಯೇ ಪ್ರಶಸ್ತ ಕಾಲವಾಯಿತು.

ಈ ಮೀನಿನ ಕೀರ್ತಿಯನ್ನು ಹೊರಜಗತ್ತಿಗೆ ಮುಟ್ಟಿಸಿದವನು ಹೆನ್ರಿ ಸಲಿವನ್ ಥಾಮಸ್. ಭಾರತದಲ್ಲಿ ಗಾಳದ ಬೇಟೆಯನ್ನು ಕುರಿತ ಅವನ ಪುಸ್ತಕ 1873ರಲ್ಲಿ ಹೊರಬಂದಿತು. ಅಲ್ಲಿಂದ ಮುಂದೆ ಮೈಸೂರು ಸೀಮೆಯ ಹೊಳೆಗಳು ಬಿಳಿಯ ಅಧಿಕಾರಿಗಳಿಗೆ ಯಾತ್ರಾಸ್ಥಳಗಳಾದವು. 1946ರಲ್ಲಿ, ಮೃಗಗಳ ಚರ್ಮ ತುಂಬುವ ಕಲೆಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರನ್ನು ಹಿಡಿದರು. ಎಂದರೆ ಸುಮಾರು 54 ಕಿಲೋಗ್ರಾಂ. ಒಬ್ಬ ಆಳಿನ ತೂಕ!

ಅಷ್ಟರಲ್ಲಿ ನದಿಯ ಸ್ವರೂಪವೇ ಬದಲಾಗಿತ್ತು. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆದಿಯಲ್ಲಿ ಮುಗಿದು, 130 ಅಡಿಗಳಷ್ಟು ಎತ್ತರದ ಗೋಡೆ ಕಾವೇರಿಗೆ ಅಡ್ಡಲಾಗಿ ನಿಂತಿತು. ಸುಮಾರು 130 ಚದರ ಕಿಲೋಮೀಟರ್ ಹರಹಿನ ಆ ಸರೋವರ ಮಂಡ್ಯದ ಬರಡು ನೆಲವನ್ನು ಕಬ್ಬು ಬತ್ತಗಳ ನಾಡಾಗಿಸಿತು. ಅದರ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ. ಆದರೆ ಉಪಕಾರಕ್ಕೂ ಬೆಲೆಯುಂಟು. ಆ ಬೆಲೆಯ ಒಂದು ಪಾಲನ್ನು ಬಿಳಿಮೀನು ತೆತ್ತಿತು. ಆ ಗೋಡೆಯನ್ನು ಯಾವ ಮೀನೂ ಏರಲಾರದು. ಹರಿಯುವ ನೀರಿನ ಮೀನಿಗೆ ನಿಂತ ನೀರು ತವರಾಗಲಾರದು. ಇಂದು ಹಿನ್ನೀರಿನಲ್ಲಿ ಹರಿಗೋಲು ಹಾಕುವ ಬೆಸ್ತರ ಬಲೆಗೆ ಬೀಳುವವರಲ್ಲಿ ಹೊರಗಿನವರೇ ಉಂಟು: ಗಂಗೆಯ ಬಯಲಿನ ಕಾಟ್ಲಾ, ರೋಹು, ಆಫ್ರಿಕದಿಂದ ಹೊರಟು 1952ರಲ್ಲಿ ಭಾರತಕ್ಕೆ ಬಂದ, ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನು.

ಸ್ವಾತಂತ್ರ್ಯಾನಂತರ ದೊಡ್ಡ ಮಹಶೀರುಗಳ ಕಾಲ ಮುಗಿಯಿತೆಂಬ ಭಾವನೆ ಹರಡಿತ್ತು. 1977ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವು ಗಾಳಗಾರರು ಆ ಭಾವನೆ ಸುಳ್ಳೆಂದು ತೋರಿಸಿಕೊಟ್ಟರು. ಶ್ರೀರಂಗಪಟ್ಟಣದಿಂದ ಕೆಳಗೆ ಹರಿದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಮೇಕೆದಾಟಿನತ್ತ ಕಾಡು ಹೊಕ್ಕುವ ಹಾದಿಯಲ್ಲಿ ಮಹಾಮೀನುಗಳು ಇನ್ನೂ ಉಳಿದಿದ್ದವು. ಭೀಮೇಶ್ವರಿಯ ಹೆಸರು ಪರದೇಶದ ಗಾಳಗಾರರ ಬಾಯಲ್ಲೂ ಕೇಳಿಬರತೊಡಗಿತು. ಅವರ ಗಾಳಕ್ಕೆ ಸಿಕ್ಕಿಸುತ್ತಿದ್ದುದೇನು ಬಲ್ಲಿರಾ? ರಾಗಿಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆ. ನಮ್ಮ ಮುದ್ದೆಯ ಒಡಹುಟ್ಟು! ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ಹೊಳೆಗೆ ಬಿಡುವ ಒಳ್ಳೆಯ ಪದ್ಧತಿಯೂ ಅಲ್ಲಿ ನೆಲೆಗೊಂಡಿತು.

ಮೀನಿನ ಸಂಖ್ಯೆ ಹೆಚ್ಚಲೆಂಬ ಸದುದ್ದೇಶದಿಂದ ಇನ್ನೊಂದು ಕೆಲಸವೂ ನಡೆಯಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಮಹಶೀರುಗಳೇ ಹೌದು, ಆದರೆ ಕಾವೇರಿಯವಲ್ಲ. ಅವು ನೀಲಿ ಛಾಯೆಯ ರೆಕ್ಕೆಯವು, ಕೃಷ್ಣೆಯ ಸೀಮೆಯವು. ಕಾವೇರಿಯದು ಕಿತ್ತಳೆ ಬಣ್ಣದ ರೆಕ್ಕೆ, ಗೂನು ಬೆನ್ನು. ಎರಡಕ್ಕೂ ಮಹಶೀರ್ ಎಂಬ ಒಂದೇ ಹೆಸರು ಸಾಕೆಂದು ಬಗೆದದ್ದೇ ಅನರ್ಥಕ್ಕೆ ದಾರಿಯಾಯಿತು.

ಈ ಅನರ್ಥ ಬೆಳಕಿಗೆ ಬಂದದ್ದು ವಿನೋದಕ್ಕಾಗಿ ಇಟ್ಟ ಲೆಕ್ಕದಿಂದಲೇ ಎಂಬುದು ಇತಿಹಾಸದ ವಿದ್ಯಾರ್ಥಿಯಾದ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು. ಗೂನು ಬೆನ್ನಿನದು ಅಳಿವಿನತ್ತ ಸರಿದಿತ್ತು. ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ಹೊಳೆ ಸಮೃದ್ಧವಾಗಿಯೇ ಕಂಡಿತ್ತು. ಇನ್ನೂ ಸೋಜಿಗದ ಮಾತೆಂದರೆ, ಶತಮಾನಕ್ಕೂ ಮಿಗಿಲಾಗಿ ಜಗತ್ಪ್ರಸಿದ್ಧವಾಗಿದ್ದ ಆ ಗೂನು ಬೆನ್ನಿನ ಮೀನಿಗೆ ಒಂದು ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಕೊಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದರದೂ ಎಂದು 2018ರಲ್ಲಿ ನಿರ್ಣಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣವೂ ಅಪಾಯದ ಘೋಷಣೆಯೂ ಒಂದೇ ವರ್ಷದಲ್ಲಿ!

ಅಣೆಕಟ್ಟನ್ನು ಒಡೆಯಿರಿ ಎಂದು ಯಾರೂ ಹೇಳಲಾರರು. ಆದರೆ ಕಾವೇರಿಯ ಮೇಲುದಂಡೆಯ ರಾಮನಾಥಪುರದಲ್ಲಿ ದೇವಾಲಯದ ಮುಂದಿನ ಮಡುವಿನ ಮೀನುಗಳನ್ನು ದೇವರದೆಂದು ಜನ ಕಾಪಾಡಿಕೊಂಡು ಬಂದಿರುವುದನ್ನು ನಾವು ಬಲ್ಲೆವು. ಭಕ್ತಿ ಒಂದು ಮಡುವನ್ನು ಕಾಯಬಲ್ಲದಾದರೆ, ತಿಳಿವಳಿಕೆ ಒಂದು ಹೊಳೆಯನ್ನು ಕಾಯಲಾರದೆ? ಹೊಳೆಗೆ ಮರಿ ಬಿಡುವ ಮುನ್ನ ಅದು ಯಾವ ಹೊಳೆಯ ಮರಿಯೆಂದು ಕೇಳಬೇಕು. ಬಲೆಗೆ ಬಿದ್ದ ಮೀನಿನ ತೂಕದ ಜೊತೆಗೆ ಅದರ ಜಾತಿಯನ್ನೂ ಬರೆದಿಡಬೇಕು. ನಮ್ಮ ಬೆಸ್ತರ ಹಿರಿಯರ ಬಾಯಲ್ಲಿ ಉಳಿದಿರುವ ಮೀನಿನ ಹೆಸರುಗಳನ್ನು ಅವರಿರುವಾಗಲೇ ಸಂಗ್ರಹಿಸಬೇಕು. ಎಣಿಕೆಯಲ್ಲಿ ಬೇರೆಯಾಗಿ ಕಾಣದ ಜೀವ ಅಳಿದುಹೋದರೂ ಲೆಕ್ಕದ ಪುಸ್ತಕದಲ್ಲಿ ಕೊರತೆ ಕಾಣುವುದಿಲ್ಲ.