ಸಹಾಯಕ ಗಣಕ ಸಾಧನಗಳು: ಉನ್ನತ ಶಿಕ್ಷಣದಲ್ಲಿ ನವೀಕರಣ

ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳು ಓದಲು, ಬರೆಯಲು, ಪರೀಕ್ಷೆ ಎದುರಿಸಲು ಬಳಸುವ ಕಂಪ್ಯೂಟರ್, ಅದಕ್ಕೆ ಅಳವಡಿಸಿದ ವಿಶೇಷ ತಂತ್ರಾಂಶ ಮತ್ತು ಉಪಕರಣಗಳಿಗೆ ಒಟ್ಟಾಗಿ ಸಹಾಯಕ ಗಣಕ ಸಾಧನಗಳೆಂದು ಹೆಸರು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಅಕ್ಷರ ಹಿಗ್ಗಿಸಿ ತೋರಿಸುವ ತಂತ್ರಾಂಶ, ಬೆರಳಿಗೆ ಚುಕ್ಕಿಗಳನ್ನು ಎಬ್ಬಿಸಿಕೊಡುವ ಬ್ರೈಲ್ ಡಿಸ್‌ಪ್ಲೇ, ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶ, ಕೈಯಾಡದವರಿಗೆ ಮಾಡಿದ ಸ್ವಿಚ್ಚು ಮತ್ತು ಮೌಸ್ ಇವುಗಳಲ್ಲಿ ಮುಖ್ಯವಾದವು. ಯಂತ್ರ, ಆಪರೇಟಿಂಗ್ ಸಿಸ್ಟಂ, ಸ್ಕ್ರೀನ್ ರೀಡರ್, ಅದರ ಧ್ವನಿ, ಓದಬೇಕಾದ ಕಡತ ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಕೆಲಸ ಸಾಗುತ್ತದೆ. ಒಂದನ್ನು ಹೊಸದು ಮಾಡಿ ಉಳಿದದ್ದನ್ನು ಹಳೆಯದಾಗಿಯೇ ಬಿಟ್ಟರೆ ತೊಡಕು. ಉಳಿದವರಿಗೆ ಹಳೆಯ ಕಂಪ್ಯೂಟರ್ ನಿಧಾನವಾಗುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಅದು ಮಾತನ್ನೇ ನಿಲ್ಲಿಸಿಬಿಡಬಹುದು. ಈ ಲೇಖನ ಹೆಚ್ಚಾಗಿ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ಸಾಧನಗಳನ್ನು ಕುರಿತದ್ದು.

ಹಿನ್ನೆಲೆ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಲಿನ್‌ವಿಲ್ ತಮ್ಮ ಅಂಧ ಮಗಳಿಗಾಗಿ ಆಪ್ಟಕಾನ್ ಎಂಬ ಉಪಕರಣವನ್ನು ರೂಪಿಸಿದರು. ಪುಟ್ಟ ಕ್ಯಾಮೆರಾವನ್ನು ಮುದ್ರಿತ ಸಾಲಿನ ಮೇಲೆ ಸರಿಸಿದರೆ ಅಕ್ಷರದ ಆಕಾರ ಇನ್ನೊಂದು ಕೈಯ ಬೆರಳ ತುದಿಗೆ ಕಂಪನವಾಗಿ ತಾಕುತ್ತಿತ್ತು. 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಇದನ್ನು ಬಳಸಿಯೇ ಆಕೆ ಅದೇ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. 1996ರಲ್ಲಿ ತಯಾರಿಕೆ ನಿಂತಿತು. ಇದನ್ನು ಕಲಿಯಲು ಬಹುಕಾಲ ಅಭ್ಯಾಸ ಬೇಕಿತ್ತು; ಹಾಗೆ ಕಲಿತವರ ಕೈಯಲ್ಲಿ ಉಳಿದದ್ದು ಬಿಡಿಭಾಗ ಸಿಗದ ಯಂತ್ರ. 1976ರಲ್ಲಿ ರೇ ಕರ್ಜ್‌ವೈಲ್ ಮುದ್ರಿತ ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಹೊರತಂದರು.

ಡಾಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಾಲದಲ್ಲಿ ಪರದೆಯ ತುಂಬ ಬರೀ ಅಕ್ಷರಗಳಿದ್ದುದರಿಂದ ಅದನ್ನು ಓದಿಸುವುದು ಹೋಲಿಕೆಯಲ್ಲಿ ಸುಲಭವಾಗಿತ್ತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್ ಸೈಕಲ್ ಸ್ಪರ್ಧಿ ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರನ್ನು ತಂದದ್ದು ಡಾಸ್‌ಗಾಗಿಯೇ. ಚಿತ್ರಗಳು, ಮೌಸ್, ಕಿಟಕಿಗಳ ವಿಂಡೋಸ್ ಬಂದಾಗ ಆವರೆಗಿನ ತಂತ್ರವೆಲ್ಲ ಕೈಕೊಟ್ಟಿತು. ಜಾಸ್‌ನ ವಿಂಡೋಸ್ ಆವೃತ್ತಿ ಬಂದದ್ದು 1995ರಲ್ಲಿ. ಉಳಿದ ಜಗತ್ತಿಗೆ ಕಂಪ್ಯೂಟರ್ ಸರಳವಾದ ಆ ವರ್ಷಗಳು ಅಂಧ ಬಳಕೆದಾರರ ಪಾಲಿಗೆ ಹಿನ್ನಡೆಯ ವರ್ಷಗಳಾಗಿದ್ದವು. ನವೀಕರಣ ಎಂದರೆ ಯಾವಾಗಲೂ ಮುನ್ನಡೆಯೆಂದು ನಂಬುವವರು ಇದನ್ನು ನೆನಪಿಡಬೇಕು.

ಜಾಸ್ ದುಬಾರಿ, ಹೊಸ ಆವೃತ್ತಿಗಳು ಬೇಕೆಂದರೆ ಮತ್ತೆ ಹಣ ಕಟ್ಟಬೇಕು. 2006ರಲ್ಲಿ ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರನ್ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವೂ ಹೌದು, ಮುಕ್ತ ತಂತ್ರಾಂಶವೂ ಹೌದು. ಇದರಿಂದ ಖರ್ಚಿನ ಲೆಕ್ಕವೇ ಬದಲಾಯಿತು. ಪರವಾನಗಿಗೆ ಹೋಗುತ್ತಿದ್ದ ಹಣವನ್ನು ಒಳ್ಳೆಯ ಯಂತ್ರಕ್ಕೋ ತರಬೇತಿಗೋ ತಿರುಗಿಸಲು ಸಾಧ್ಯವಾಯಿತು.

ಬರಹದ ಜೊತೆಗೆ ಗಣಿತವನ್ನೂ ಓದಿಸಬೇಕಿತ್ತು. ಪುಣೆಯಲ್ಲಿ ಬೆಳೆದು, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವಾಗ ಗಣಿತದ ಸಮೀಕರಣಗಳನ್ನು ಓದಿ ಹೇಳುವ ವ್ಯವಸ್ಥೆಯನ್ನೇ ತಮ್ಮ ಪ್ರಬಂಧದ ವಿಷಯವಾಗಿಸಿಕೊಂಡು 1994ರಲ್ಲಿ ಪಿಎಚ್‌.ಡಿ. ಪಡೆದರು. ಗಣಿತವನ್ನು ಚಿತ್ರವಾಗಿ ಅಂಟಿಸದೆ ಮ್ಯಾಥ್‌ಎಂಎಲ್ ಎಂಬ ಗಣಿತದ ಸಂಕೇತಭಾಷೆಯ ರೂಪದಲ್ಲಿ ಕೊಟ್ಟರೆ ಇಂದಿನ ಸ್ಕ್ರೀನ್ ರೀಡರ್‌ಗಳು ಅದನ್ನು ಓದಬಲ್ಲವು. ಪಾಠದ ಟಿಪ್ಪಣಿ ಸಿದ್ಧಪಡಿಸುವವರು ಹಾಗೆ ಕೊಡುವುದು ಮಾತ್ರ ವಿರಳ.

ಹಣ ಯಾರದು

ಭಾರತದಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಡಬೇಕೆನ್ನುತ್ತದೆ. ಆದರೆ ಇದೇ ಕಾಯ್ದೆಯ 17ನೇ ಸೆಕ್ಷನ್ ಪುಸ್ತಕ ಮತ್ತು ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು ಹೇಳುವುದು 18 ವರ್ಷದವರೆಗೆ ಮಾತ್ರ. ಪದವಿ ತರಗತಿಗೆ ಕಾಲಿಡುವ ವಯಸ್ಸಿಗೆ ಸರಿಯಾಗಿ ಆ ಬಾಗಿಲು ಮುಚ್ಚುತ್ತದೆ. ಓದಿನ ಹೊರೆ ಹೆಚ್ಚುವುದೂ, ಸ್ವಂತ ಯಂತ್ರ ಬೇಕಾಗುವುದೂ ಅಲ್ಲಿಂದಲೇ. ಈ ಕೊರತೆಯನ್ನು ಯೋಜನೆಗಳು ಅಷ್ಟಿಷ್ಟು ತುಂಬುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಹಳೆಯ ಯೋಜನೆಯೊಂದು ಕಾಲೇಜುಗಳಲ್ಲಿ ವಿಕಲಚೇತನರ ಘಟಕ ತೆರೆಯಲು, ಕಟ್ಟಡ ಸರಿಪಡಿಸಲು, ವಿಶೇಷ ಉಪಕರಣ ಕೊಳ್ಳಲು ನೆರವು ಕೊಟ್ಟಿತ್ತು. ಕರ್ನಾಟಕದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎಸ್ಸೆಸ್ಸೆಲ್ಸಿ ನಂತರ ಓದುವ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ವಿತರಿಸುತ್ತದೆ. ಇಂಥ ನೆರವಿನ ದೌರ್ಬಲ್ಯ ಅದು ಒಂದು ಸಲಕ್ಕೆ ಮುಗಿಯುವಂಥದ್ದು ಎಂಬುದು. ಪಿಯುಸಿಯಲ್ಲಿ ಸಿಕ್ಕ ಲ್ಯಾಪ್‌ಟಾಪ್ ಎಂ.ಎ. ಮುಗಿಯುವ ತನಕ ಬಾಳುವುದು ಅಪರೂಪ.

ಇಂಗ್ಲೆಂಡಿನ ವಿಕಲಚೇತನ ವಿದ್ಯಾರ್ಥಿ ಭತ್ಯೆಯ ಲೆಕ್ಕಾಚಾರ ಬೇರೆ. ಮೊದಲು ವಿದ್ಯಾರ್ಥಿಯ ಅಗತ್ಯಗಳನ್ನು ಅಳೆಯುತ್ತಾರೆ. ಅದಕ್ಕೆ ತಕ್ಕ ಸಾಧನದ ಜೊತೆಗೆ ಅದನ್ನು ಬಳಸುವ ತರಬೇತಿಗೂ ಹಣ ದೊರೆಯುತ್ತದೆ. 2015ರಿಂದ ಕಂಪ್ಯೂಟರಿನ ಬೆಲೆಯಲ್ಲಿ ಮೊದಲ 200 ಪೌಂಡನ್ನು ವಿದ್ಯಾರ್ಥಿಯೇ ಭರಿಸಬೇಕಾಯಿತು. ಕಂಪ್ಯೂಟರ್ ಎಲ್ಲರಿಗೂ ಬೇಕಾದ ವಸ್ತು ಎಂಬುದು ಸರ್ಕಾರದ ವಾದ. 2021–22ರಲ್ಲಿ ಉಪಕರಣಕ್ಕೆ, ಸಹಾಯಕರಿಗೆ ಪ್ರತ್ಯೇಕವಾಗಿದ್ದ ಮಿತಿಗಳನ್ನು ತೆಗೆದು ವರ್ಷಕ್ಕೆ 25,000 ಪೌಂಡಿನ ಒಂದೇ ಮಿತಿ ಮಾಡಲಾಯಿತು. ಅದಕ್ಕೆ ಮುಂಚೆ ಉಪಕರಣದ ಭತ್ಯೆಯನ್ನು ಇಡೀ ಕೋರ್ಸಿಗೆಂದು ಲೆಕ್ಕ ಹಾಕುತ್ತಿದ್ದರು.

ಕನ್ನಡದ ತೊಡಕು

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಕಷ್ಟವಿದೆ. ಅದು ಹೊಸ ಲ್ಯಾಪ್‌ಟಾಪಿನಿಂದ ಪರಿಹಾರವಾಗುವಂಥದ್ದಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಕಣ್ಣು ಫಾಂಟಿನ ಆಕಾರವನ್ನು ನೋಡುತ್ತದೆ. ಸ್ಕ್ರೀನ್ ರೀಡರ್ ನೋಡುವುದು ಸಂಕೇತವನ್ನು. ಹಾಗಾಗಿ ಕುವೆಂಪು ಕುರಿತ ಟಿಪ್ಪಣಿಯನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ ಕಿವಿಗೆ ಬೀಳುತ್ತದೆ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ಆದರೂ ಪ್ರಕಾಶಕರಲ್ಲಿ, ಕಚೇರಿಗಳಲ್ಲಿ, ಅಧ್ಯಾಪಕರ ಪೆನ್‌ಡ್ರೈವ್‌ಗಳಲ್ಲಿ ಹಳೆಯ ಕಡತಗಳು ರಾಶಿ ರಾಶಿ ಇವೆ. ಅವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳಿದರೆ ಯಾರಾದರೂ ಕೂತು ತಿದ್ದಬೇಕು. ಕಾಲೇಜೊಂದು ನವೀಕರಣಕ್ಕೆಂದು ಹಣ ತೆಗೆದಿಟ್ಟಿದ್ದರೆ ಅದರಲ್ಲಿ ಒಂದು ಪಾಲು ಈ ತಿದ್ದುಪಡಿಗೆ ಸಲ್ಲುವುದು ನ್ಯಾಯ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇದಕ್ಕಿಂತ ಕಷ್ಟ. ಅದು ಬರೀ ಚಿತ್ರ. ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶ ನಡುವೆ ನಿಲ್ಲಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಲಿಪಿ ಜ್ಞಾನಿ ಎಂಬ ಕನ್ನಡ ಓಸಿಆರನ್ನೂ ಕನ್ನಡ ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶವನ್ನೂ ರೂಪಿಸಿದೆ. ಪುಸ್ತಕಗಳನ್ನು ಹೀಗೆ ರೂಪಾಂತರಿಸಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನು ಓದುತ್ತದೆ. ಯಾಂತ್ರಿಕವಾದ, ಹೊಸಬರ ಕಿವಿಗೆ ಕರ್ಕಶವಾದ ಧ್ವನಿ ಅದು. ಆದರೆ ವೇಗ ಹೆಚ್ಚಿಸಿದರೂ ಉಚ್ಚಾರ ಕಲಸಿಹೋಗದ ಕಾರಣ ಪಳಗಿದವರು ಅದನ್ನೇ ನೆಚ್ಚಿಕೊಳ್ಳುತ್ತಾರೆ. ಇನ್ನೂ ಇಂಪಾದ ಧ್ವನಿ ಹಾಕಿಕೊಡುತ್ತೇವೆ ಎಂದು ಉತ್ಸಾಹದಿಂದ ಬರುವವರು ಮೊದಲು ಬಳಸುವವರನ್ನು ಕೇಳುವುದು ಲೇಸು. ಮಾತಿಗಾಗಿ ಯಂತ್ರವನ್ನೇ ನೆಚ್ಚಿದ್ದ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಯಂತ್ರ, ತಂತ್ರಾಂಶಗಳು ಹಲವು ಸಲ ಬದಲಾದವು. 1980ರ ದಶಕದ ತಮ್ಮ ಯಂತ್ರಧ್ವನಿಯನ್ನು ಬಿಡಲು ಮಾತ್ರ ಅವರು ಒಪ್ಪಲಿಲ್ಲ.

ಕೈಯಿಂದ ಟೈಪಿಸಲಾಗದವರಿಗೆ 2017ರಲ್ಲಿ ಗೂಗಲ್ ಕನ್ನಡಕ್ಕೂ ತಂದ ಧ್ವನಿ ಟೈಪಿಂಗ್ ನೆರವಾಗಿದೆ. ಬ್ರೈಲ್ ಡಿಸ್‌ಪ್ಲೇಗಳ ಬೆಲೆ ಹಿಂದಿನಿಂದಲೂ ಎಟುಕದಷ್ಟಿತ್ತು. ದೆಹಲಿಯ ಐಐಟಿ 2019ರಲ್ಲಿ ಹೊರತಂದ ಡಾಟ್‌ಬುಕ್ ಅದನ್ನು ಇಳಿಸುವ ಯತ್ನಗಳಲ್ಲೊಂದು.

ಬದಲಾವಣೆಯ ಹೊತ್ತು

ಸೆಮಿಸ್ಟರಿನ ನಡುವೆ ಯಂತ್ರ ಬದಲಿಸುವುದು ಅಪಾಯ. ಸ್ಕ್ರೀನ್ ರೀಡರ್ ಬಳಸುವವರು ಮೌಸ್ ಮುಟ್ಟದೆ ಕೀಲಿ ಸಂಯೋಜನೆಗಳ ನೆನಪಿನ ಮೇಲೆ ಕೆಲಸ ಮಾಡುತ್ತಾರೆ. ವರ್ಡ್‌ನ ಹೊಸ ಆವೃತ್ತಿಯಲ್ಲಿ ಒಂದು ಮೆನು ಜಾಗ ಬದಲಿಸಿದರೂ ಮತ್ತೆ ಕಲಿಯಬೇಕು. ಹೊಸ ಯಂತ್ರ ರಜೆಯಲ್ಲಿ ಕೈಗೆ ಬರಬೇಕು, ಹಳೆಯದು ಕೆಲವು ವಾರ ಜೊತೆಗೇ ಇರಬೇಕು; ಧ್ವನಿಯ ವೇಗ, ಉಚ್ಚಾರ ತಿದ್ದಿದ ಪದಪಟ್ಟಿ, ಬ್ರೈಲ್ ಕೋಷ್ಟಕ ಇವೆಲ್ಲ ಹೊಸದಕ್ಕೆ ದಾಟಬೇಕು. ಟೆಂಡರ್ ಮುಗಿದು ಸರಕು ಬರುವುದು ಮಾರ್ಚ್ ಕೊನೆಗೆ ಎಂಬ ಕಚೇರಿಯ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ಪರೀಕ್ಷೆಯ ವಿಷಯಕ್ಕೆ ಬಂದರೆ, 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಅಭ್ಯರ್ಥಿಗೆ ಒಂದು ದಿನ ಮೊದಲೇ ಅದನ್ನು ಪರೀಕ್ಷಿಸಿ ನೋಡುವ ಅವಕಾಶ ಕೊಡಬೇಕೆಂದಿತ್ತು. ತನ್ನದೇ ಕೀಲಿಮಣೆ, ಮಾರ್ಪಡಿಸಿದ ಮೌಸ್ ತರಬಹುದಿತ್ತು. ಸ್ವಂತ ಲ್ಯಾಪ್‌ಟಾಪ್ ತರುವಂತಿರಲಿಲ್ಲ. ಅಂದರೆ ವಿದ್ಯಾರ್ಥಿಯ ಯಂತ್ರ ಎಷ್ಟೇ ಹೊಸದಾಗಿರಲಿ, ಪರೀಕ್ಷೆಯ ದಿನ ಲೆಕ್ಕಕ್ಕೆ ಬರುತ್ತಿದ್ದುದು ಕಾಲೇಜಿನ ಪ್ರಯೋಗಾಲಯದ ಯಂತ್ರ. ಅಲ್ಲಿ ಸ್ಕ್ರೀನ್ ರೀಡರಿನ ಯಾವ ಆವೃತ್ತಿ ಇದೆ, ಕನ್ನಡ ಧ್ವನಿ ಅಳವಡಿಸಿದೆಯೇ, ಹೆಡ್‌ಫೋನಿನ ಪಿನ್ನು ಸರಿಯಿದೆಯೇ ಎಂಬುದನ್ನು ಆ ಒಂದು ದಿನದಲ್ಲಿ ನೋಡಿ ಮುಗಿಸಬೇಕಿತ್ತು.

ಸದ್ಯದ ದೊಡ್ಡ ಬದಲಾವಣೆ ವಿಂಡೋಸ್ 10ಕ್ಕೆ ಸಂಬಂಧಿಸಿದ್ದು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಓಡಲು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕಾದ್ದರಿಂದ ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಅನರ್ಹವಾಗಿವೆ. ಎನ್‌ವಿಡಿಎ ಈ ಹಿಂದೆ 2023ರ ಕೊನೆಯ ಆವೃತ್ತಿಯ ನಂತರ ವಿಂಡೋಸ್ 7ರ ಬೆಂಬಲ ಕೈಬಿಟ್ಟಿತ್ತು. ವಿಂಡೋಸ್ 10ರಲ್ಲಿ ಅದು ಈಗಲೂ ನಡೆಯುತ್ತದೆ. ಸುರಕ್ಷತಾ ಪರಿಷ್ಕರಣೆಗಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಂಡ ಸಂಸ್ಥೆಗಳು ಹಳೆಯ ಯಂತ್ರಗಳನ್ನು ಇನ್ನಷ್ಟು ಕಾಲ ಬಳಸಬಹುದು.